ರೋಡು ಬಂದ ದಾರಿ

ನಮ್ಮ ಚಿಕ್ಕಪ್ಪ ಬಿಡದಿಯ ಆಚೆಯ ಹಳ್ಳಿಯವರು. ವಯಸ್ಸು ಎಂಬತ್ತನ್ನು ದಾಟಿದೆ. ಆದರೆ ಕಣ್ಣು, ಕಿವಿ, ನಾಲಗೆ ಮೂರೂ ಚುರುಕು. ಈಚೆಗೊಮ್ಮೆ ರಾಜಾಜಿನಗರದ ನಮ್ಮ ಮನೆಯನ್ನು ಹುಡುಕಿಕೊಂಡು ಒಬ್ಬರೇ ಬಂದರು. ಕೈಯಲ್ಲಿ ವಿಳಾಸದ ಚೀಟಿ. ಮೂಲೆಯ ಅಂಗಡಿಯ ಹುಡುಗನನ್ನು ಕೇಳಿದರಂತೆ: “ಏನಪ್ಪಾ, ಇದು ಯಾವ ಬೀದಿ?”

ಹುಡುಗ ಮರ್ಯಾದಸ್ಥ. “ಇದು ಬೀದಿ ಅಲ್ಲ ತಾತ, ಕ್ರಾಸು” ಎಂದನಂತೆ.

“ಹಾಗಾದರೆ ಬೀದಿ ಎಲ್ಲಿದೆ?”

“ಮುಂದೆ ಹೋದರೆ ಮೈನು ಸಿಗುತ್ತೆ. ಬೀದಿ ಇಲ್ಲಿ ಇಲ್ಲ ತಾತ.”

ಮನೆಗೆ ಬಂದು ಕಾಫಿಯ ಲೋಟ ಕೈಗೆತ್ತಿಕೊಂಡ ಚಿಕ್ಕಪ್ಪನವರು ಹೇಳಿದ ಮೊದಲ ಮಾತು: “ಇಷ್ಟೊಂದು ಮನೆ ಕಟ್ಟಿಕೊಂಡಿದ್ದೀರಿ, ಬೀದಿಯೇ ಇಲ್ಲವಂತಲ್ಲೊ!” ಮನೆಮಂದಿಯೆಲ್ಲ ನಕ್ಕೆವು. ನಗು ಮುಗಿದ ಮೇಲೆ ಮಾತ್ರ ಅವರ ಪ್ರಶ್ನೆ ನನ್ನ ತಲೆಯಲ್ಲಿಯೇ ಉಳಿಯಿತು. ಮನೆಯ ಬಾಗಿಲು ತೆರೆದರೆ ಕಾಣುವ ಆ ಮೂವತ್ತು ನಲವತ್ತಡಿಯ ನೆಲಕ್ಕೆ ನಾವು ಏನೆಂದು ಹೆಸರಿಟ್ಟಿದ್ದೇವೆ? ಆ ಹೆಸರು ಬದಲಾದಾಗ ನೆಲವೂ ಬದಲಾಯಿತೆ?

ಇಂಗ್ಲಿಷಿನ ‘ರೋಡ್’ ಎಂಬ ಮಾತು ನಮ್ಮ ಬಾಯಲ್ಲಿ ಕೊನೆಗೊಂದು ಉಕಾರವನ್ನು ಪಡೆದು ‘ರೋಡು’ ಆಗಿ ಬಹುಕಾಲವಾಯಿತು. ಕನ್ನಡದಲ್ಲಿ ಬೇರೆ ಪದವಿಲ್ಲದ ಬಡತನದಿಂದ ಅದನ್ನು ಕರೆದುಕೊಂಡೆವೆಂದು ಹೇಳುವಂತಿಲ್ಲ. ದಾರಿ, ಹಾದಿ, ಬೀದಿ, ಕೇರಿ, ಓಣಿ, ಗಲ್ಲಿ, ಸಂದಿ, ಮಾರ್ಗ, ಪಥ, ರಸ್ತೆ, ಕಾಲುದಾರಿ, ಕವಲುದಾರಿ, ಹೆದ್ದಾರಿ—ಎಣಿಸುತ್ತ ಹೋದರೆ ಬೆರಳು ಸಾಲದು. ನಿಘಂಟುಕಾರರು ಇವನ್ನೆಲ್ಲ ಒಂದರ ಮುಂದೊಂದು ಇಟ್ಟು ಪರ್ಯಾಯಪದಗಳೆಂದು ಕರೆದಾರು. ಆದರೆ ಜನದ ನಾಲಗೆ ನಿಘಂಟನ್ನು ಕೇಳಿ ನಡೆಯುವುದಿಲ್ಲ. ಕೆಟ್ಟ ಸಹವಾಸಕ್ಕೆ ಬಿದ್ದ ಹುಡುಗ ‘ದಾರಿ ತಪ್ಪುತ್ತಾನೆ’. ಅವನು ‘ರಸ್ತೆ ತಪ್ಪಿದ’ ಎಂದರೆ ಊರಿಗೆ ಹೊಸಬನಿರಬೇಕು ಎಂದುಕೊಳ್ಳುತ್ತೇವೆ. ಆಸ್ತಿ ಕಳೆದುಕೊಂಡ ಸಂಸಾರ ‘ಬೀದಿಪಾಲು’ ಆಗುತ್ತದೆಯೇ ಹೊರತು ‘ಮಾರ್ಗಪಾಲು’ ಆಗುವುದಿಲ್ಲ. ಜಗಳ ‘ಬೀದಿರಂಪ’ವಾಗುತ್ತದೆ, ಚಳವಳಿಗಾರರು ನಡೆಸುವುದು ‘ರಸ್ತೆ ತಡೆ’. ಉಪಾಯ ಹೇಳುವವರು ‘ಮಾರ್ಗೋಪಾಯ’ ಸೂಚಿಸುತ್ತಾರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿ ನೋಡಿದರೆ ಸಾಕು, ಪರ್ಯಾಯವೆಂಬುದು ಎಷ್ಟರ ಮಟ್ಟಿಗೆ ಪರ್ಯಾಯವೆಂದು ಗೊತ್ತಾಗುತ್ತದೆ.

ಊರಿನಿಂದ ಊರಿಗೂ ಈ ಪದಗಳ ಪಾಲು ಬೇರೆ. ಧಾರವಾಡದ ಕಡೆಯವರಿಗೆ ಓಣಿಯೆಂದರೆ ಬಾಲ್ಯ, ನೆರೆಹೊರೆ ಎಲ್ಲ. ಬೆಳಗಾವಿಯಲ್ಲಿ ಗಲ್ಲಿಗಳು. ಮಂಗಳೂರು, ಕಾಸರಗೋಡುಗಳ ಕಡೆ ಡಾಂಬರು ಹಾಕಿದ, ಬಸ್ಸು ಓಡುವ ರಸ್ತೆಯೇ ‘ಮಾರ್ಗ’. ನಮಗೆ ಪುಸ್ತಕದ ಭಾಷೆಯಾಗಿ ಕೇಳುವ ಮಾತು ಅಲ್ಲಿ ಮೀನು ಮಾರುವ ಹೆಂಗಸಿನ ದಿನಬಳಕೆಯ ಮಾತು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಹೆಸರಿನಲ್ಲಿ ಇರುವುದೂ ಇದೇ ಪದ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥದ ಹೆಸರಿನಲ್ಲಿಯೇ ಒಂದು ದಾರಿ ಇದೆಯೆಂಬುದು ನೆನೆದರೆ ಸಂತೋಷವಾಗುತ್ತದೆ. ಹಳಗನ್ನಡದಲ್ಲಿ ದಾರಿಗೆ ‘ಬಟ್ಟೆ’ ಎಂಬ ಮಾತೂ ಇದ್ದಿತು; ದೊಡ್ಡ ದಾರಿ ‘ಹೆಬ್ಬಟ್ಟೆ’. ಉಡುವ ಬಟ್ಟೆ ಬೇರೆ, ನಡೆಯುವ ಬಟ್ಟೆ ಬೇರೆ. ಕಾಲಾಂತರದಲ್ಲಿ ಉಡುವ ಬಟ್ಟೆ ಉಳಿಯಿತು, ನಡೆಯುವ ಬಟ್ಟೆ ಸವೆದುಹೋಯಿತು.

ಇವುಗಳಲ್ಲಿ ಎಲ್ಲವೂ ಅಚ್ಚಕನ್ನಡವೆಂದು ಹೆಮ್ಮೆಪಡುವಂತಿಲ್ಲ. ‘ಬೀದಿ’ ಸಂಸ್ಕೃತದ ‘ವೀಥಿ’ಯ ತದ್ಭವ. ‘ರಸ್ತೆ’ ಪಾರಸಿಯ ‘ರಾಸ್ತಾ’. ‘ನೇರ’ ಎಂಬ ಅರ್ಥದ ಪಾರಸಿಯ ‘ರಾಸ್ತ್’, ಸಂಸ್ಕೃತದ ‘ಋಜು’, ಇಂಗ್ಲಿಷಿನ ‘ರೈಟ್’—ಈ ಮೂರೂ ಒಂದೇ ಬೇರಿನ ದೂರದ ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಇನ್ನು ‘ರೋಡ್’ ಎಂಬ ಮಾತಿನ ಮೂಲದಲ್ಲಿರುವುದು ಕುದುರೆ ಸವಾರಿ. ‘ರೈಡ್’ ಎಂಬ ಕ್ರಿಯಾಪದದ ಸೋದರ ಅದು. ಸವಾರಿ ಎಂಬ ಹಳೆಯ ಅರ್ಥ ಹೋಗಿ ಸವಾರಿ ಹೋಗುವ ದಾರಿಯೆಂಬ ಅರ್ಥ ಆ ಮಾತಿಗೆ ಬಂದುದು ಷೇಕ್ಸ್‌ಪಿಯರನ ಕಾಲದ ಸುಮಾರಿಗೆ. ಆದುದರಿಂದ, ಯಾವ ಪದ ಎಲ್ಲಿಂದ ಬಂದಿತೆಂದು ಕೇಳಿ ಅದನ್ನು ಒಳಗೆ ಬಿಡುವುದು ಇಲ್ಲವೆ ಹೊರಗೆ ನಿಲ್ಲಿಸುವುದು ನನಗೆ ಅಷ್ಟು ಸರಿಯೆಂದು ತೋರುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಆ ಪದ ಯಾರಿಗೆ ಜಾಗ ಕೊಡುತ್ತದೆ?

ಬೆಂಗಳೂರಿನ ಕಥೆಯನ್ನೇ ತೆಗೆದುಕೊಳ್ಳೋಣ. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿಸಿದಾಗ ನಾಲ್ಕು ಜೊತೆ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಹೊಡೆಸಿ, ನೇಗಿಲ ಗೆರೆ ಬಿದ್ದ ಕಡೆ ಬೀದಿಗಳನ್ನು ಮಾಡಿಸಿದರೆಂಬುದು ಪ್ರತೀತಿ. ತೆಂಕಣದಿಂದ ಬಡಗಣಕ್ಕೆ ದೊಡ್ಡಪೇಟೆ, ಮೂಡಣದಿಂದ ಪಡುವಣಕ್ಕೆ ಚಿಕ್ಕಪೇಟೆ. ಮೂಡಲಿಗೆ ಹಲಸೂರು ಬಾಗಿಲು, ಪಡುವಲಿಗೆ ಸೊಂಡೆಕೊಪ್ಪದ ಬಾಗಿಲು. ಕೆಂಗೇರಿಯ ಹೆಸರಿನದೂ ಒಂದು ಬಾಗಿಲಿದ್ದಿತು. ಈ ಎರಡು ಗೆರೆಗಳ ಸುತ್ತ ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಕಸಬೇ ಬೀದಿಯ ಹೆಸರು, ಬೀದಿಯೇ ಕಸಬಿನ ವಿಳಾಸ. ಅರಳೆಪೇಟೆ ಮುಂದೆ ಕಾಟನ್‌ಪೇಟೆಯಾಯಿತು, ದೊಡ್ಡಪೇಟೆ ಅವೆನ್ಯೂ ರೋಡಾಯಿತು.

ಬೀದಿಯೆಂದರೆ ಬರಿಯ ಹೋಗಿಬರುವ ಜಾಗವಲ್ಲ. ಎರಡು ಸಾಲು ಮನೆಗಳು ಎದುರುಬದುರಾಗಿ ಕುಳಿತಿರುವ ಜಾಗ. ಜಗಲಿಯ ಮೇಲೆ ಮುದುಕರು, ಬಾಗಿಲ ಮುಂದೆ ರಂಗೋಲಿ, ವರ್ಷಕ್ಕೊಮ್ಮೆ ತೇರು. ‘ಬೀದಿ ಕೂಸು ಬೆಳೆಯಿತು, ಕೋಣೆ ಕೂಸು ಕೊಳೆಯಿತು’ ಎಂಬ ಗಾದೆ ಹುಟ್ಟಿದ್ದು ಇಂಥ ಬೀದಿಯಲ್ಲಿ. ಉಡುಪಿಯಲ್ಲಿ ಕೃಷ್ಣನ ತೇರು ಸುತ್ತುವುದು ರಥಬೀದಿಯನ್ನು. ಮಂಗಳೂರಿನ ರಥಬೀದಿ ಇಂಗ್ಲಿಷಿಗೆ ಹೋಗಿ ‘ಕಾರ್ ಸ್ಟ್ರೀಟ್’ ಆಯಿತು. ಅದು ಮೋಟಾರು ಕಾರಿನ ಬೀದಿಯೆಂದು ತಿಳಿದ ಹೊಸಬರೂ ಇದ್ದಾರು!

ಇಲ್ಲಿಗೆ ನಿಲ್ಲಿಸಿದರೆ ಈ ಪ್ರಬಂಧ ‘ಹಿಂದಿನದೆಲ್ಲ ಚೆನ್ನ’ ಎಂಬ ಪಲ್ಲವಿಯಾಗಿ ಮುಗಿಯುತ್ತದೆ. ಆದರೆ ಬೀದಿಯ ಪಕ್ಕದಲ್ಲಿಯೇ ‘ಕೇರಿ’ ಎಂಬ ಇನ್ನೊಂದು ಮಾತಿದೆಯಲ್ಲ! ‘ಊರು ಕೇರಿ’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಊರು ಎಲ್ಲಿ ಮುಗಿಯುತ್ತಿತ್ತು, ಕೇರಿ ಎಲ್ಲಿ ತೊಡಗುತ್ತಿತ್ತು ಎಂಬುದು ಕೇರಿಯವರಿಗೆ ಚೆನ್ನಾಗಿ ಗೊತ್ತಿತ್ತು. ತೇರು ಬರುವ ಬೀದಿಗೆ ಕೇರಿಯ ಕೂಸು ಬರುವಂತಿರಲಿಲ್ಲ. ಬೀದಿ ಕೂಸು ಬೆಳೆಯಿತೆಂಬ ಗಾದೆ ನಿಜವೇ. ಯಾರ ಕೂಸು ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ.

ಹೀಗಿರುವಾಗ ಬಂದುದು ಸರ್ಕಾರದ ರಸ್ತೆ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ ಸುಮಾರು 1,600 ಮೈಲಿ ರಸ್ತೆ ಸಿದ್ಧವಾಯಿತು. ಅವರ ಕಾಲದಲ್ಲಿಯೇ, 1856ರಲ್ಲಿ, ಲೋಕೋಪಯೋಗಿ ಇಲಾಖೆ ಏರ್ಪಟ್ಟಿತು. ಘಟ್ಟದ ಕಾಫಿ ಕಡಲಿಗೆ ಇಳಿಯಬೇಕು, ದಂಡು ಬೇಗ ಸಾಗಬೇಕು, ಟಪಾಲು ನಿಲ್ಲಬಾರದು—ಇವು ಕಾರಣಗಳು. ಪ್ರಜೆಗಳ ಮೇಲಿನ ಪ್ರೀತಿಯೊಂದೇ ಆ ರಸ್ತೆಗಳನ್ನು ಹಾಕಿಸಲಿಲ್ಲ. ಆದರೂ ರಸ್ತೆಯ ಜೊತೆಯಲ್ಲಿ ಒಂದು ಹೊಸ ಶಬ್ದಸಂಸಾರವೇ ನಮ್ಮ ಮನೆಗೆ ಬಂದಿತು. ಮೈಲಿಗಲ್ಲು, ಡಾಂಬರು, ರೋಲರು, ಓವರ್‌ಸಿಯರು, ಕಂಟ್ರಾಕ್ಟರು, ಗ್ಯಾಂಗ್‌ಮನ್ನು. ಜಲ್ಲಿ, ಮೋರಿಗಳಂಥ ನಮ್ಮ ಮಾತುಗಳಿಗೂ ಹೊಸ ಕೆಲಸ ಸಿಕ್ಕಿತು. ‘ರೋಡು’ ಈ ಪರಿವಾರದ ಯಜಮಾನ. ಅದು ಪಂಡಿತರ ಮೂಲಕ ಬಂದ ಮಾತಲ್ಲ. ಬಿಸಿಲಿನಲ್ಲಿ ಜಲ್ಲಿ ಒಡೆದವರು, ಬಂಡಿ ಹೊಡೆದವರು, ಕೂಲಿಯ ಲೆಕ್ಕ ಬರೆದವರು ಕನ್ನಡಕ್ಕೆ ತಂದುಕೊಟ್ಟ ಮಾತು.

ಸರ್ಕಾರದ ಹಣದಿಂದ ಆದ ರಸ್ತೆಗೆ ಒಂದು ಗುಣವಿದ್ದಿತು. ಅದು ಇಂಥ ಜಾತಿಯದೆಂದು ಯಾರೂ ಸುಲಭವಾಗಿ ಹೇಳುವಂತಿರಲಿಲ್ಲ. ಹೇಳಿದವರು ಇರಲಿಲ್ಲವೆಂದಲ್ಲ. ತಿರುವಾಂಕೂರಿನ ವೈಕಂನಲ್ಲಿ ಮಹಾದೇವ ದೇವಾಲಯದ ಸುತ್ತಣ ರಸ್ತೆಗಳಲ್ಲಿ ಕೆಳಜಾತಿಗಳೆನಿಸಿಕೊಂಡವರು ನಡೆಯಕೂಡದೆಂಬ ಕಟ್ಟಿತ್ತು. 1924ರ ಮಾರ್ಚ್ 30ರಂದು ಅಲ್ಲಿ ಸತ್ಯಾಗ್ರಹ ಮೊದಲಾಯಿತು. ಗುಡಿಯ ಒಳಗೆ ಬಿಡಿ ಎಂದು ಕೂಡ ಅವರು ಅಂದು ಕೇಳಲಿಲ್ಲ. ರಸ್ತೆಯಲ್ಲಿ ನಡೆಯಲು ಬಿಡಿ ಎಂದಷ್ಟೇ ಕೇಳಿದರು. 1925ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿದ್ದರು. ಆ ವರ್ಷದ ಕೊನೆಗೆ ಮೂರು ದಿಕ್ಕಿನ ರಸ್ತೆಗಳು ಎಲ್ಲರಿಗೂ ತೆರೆದುವು. ಮೂಡಣ ದಿಕ್ಕಿನದಕ್ಕೆ 1936ರ ದೇವಾಲಯ ಪ್ರವೇಶ ಘೋಷಣೆಯವರೆಗೆ ಕಾಯಬೇಕಾಯಿತು. ಇಪ್ಪತ್ತು ತಿಂಗಳ ಹೋರಾಟ ಏತಕ್ಕೆ? ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆಯುವುದಕ್ಕೆ! ರಸ್ತೆ ಎಂಬ ಮಾತಿನ ಬೆಲೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಘಟನೆ ನಮ್ಮ ದಕ್ಷಿಣದ ಇತಿಹಾಸದಲ್ಲಿ ಅಪರೂಪ. ಇಂಪಾದ ‘ಬೀದಿ’ ಕೊಡದೆ ಇದ್ದುದನ್ನು ಒರಟಾದ ‘ಸರ್ಕಾರಿ ರೋಡು’ ಕೊಡಬಲ್ಲುದಾಗಿತ್ತು. ಇದನ್ನು ಮರೆತು ಇಂಗ್ಲಿಷ್ ಪದದ ಮೇಲೆ ಮುನಿಸಿಕೊಂಡರೆ ನಾವು ಅರ್ಧ ಇತಿಹಾಸವನ್ನು ಮಾತ್ರ ಓದಿದಂತಾಗುತ್ತದೆ.

ಇನ್ನು ನಮ್ಮ ಪಶ್ಚಿಮ ಬೆಂಗಳೂರಿಗೆ ಬರೋಣ. 1898ರ ಪ್ಲೇಗಿನ ತರುವಾಯ ಮಲ್ಲೇಶ್ವರ, ಬಸವನಗುಡಿಗಳು ಬೆಳೆದುವು. ಚೌಕುಳಿ ಎಳೆದಂಥ ನೇರವಾದ ಬಡಾವಣೆಗಳು. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿದ ಮೇಲೆ ಅದೇ ಚೌಕುಳಿ ಪಡುವಲಿಗೂ ಹಬ್ಬಿತು. ರಾಜಗೋಪಾಲಾಚಾರಿಯವರ ಹೆಸರು ಹೊತ್ತ ರಾಜಾಜಿನಗರ, ಸಾಮ್ರಾಜ್ಯದ ಹೆಸರು ಹೊತ್ತ ವಿಜಯನಗರ, ಬಸವಣ್ಣನವರ ಹೆಸರಿನ ಬಸವೇಶ್ವರನಗರ. 1976ರಲ್ಲಿ ಆ ಬೋರ್ಡು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವಾಯಿತು. ಬಡಾವಣೆಗೆ ಮಹನೀಯರ ಹೆಸರು ಸಿಕ್ಕಿತು. ಒಳಗಿನ ರಸ್ತೆಗಳಿಗೆ ದೊರೆತುದು ಅಂಕಿ. ‘ಮೈನ್ ರೋಡ್’, ‘ಕ್ರಾಸ್ ರೋಡ್’ ಎಂಬುದು ಪೂರ್ಣರೂಪ. ಜನ ಅದರ ಬಾಲವನ್ನು ಕತ್ತರಿಸಿ ‘ಮೈನು’, ‘ಕ್ರಾಸು’ ಎಂದರು. ಹೀಗೆ ಬೀದಿಯನ್ನು ಓಡಿಸಿದ ರೋಡೇ ತನ್ನ ಸರದಿ ಬಂದಾಗ ಮಾಯವಾಯಿತು! ಫಲಕಗಳಲ್ಲಿ ‘ಮುಖ್ಯರಸ್ತೆ’, ‘ಅಡ್ಡರಸ್ತೆ’ ಎಂಬ ಒಳ್ಳೆಯ ಕನ್ನಡವಿದೆ. ಅದು ಕಣ್ಣಿಗೆ ಮೀಸಲು, ನಾಲಗೆಗೆ ಕ್ರಾಸೇ.

ಅಂಕಿಗೂ ಒಂದು ಪುಣ್ಯವಿದೆಯೆಂದು ಒಪ್ಪಬೇಕು. ಕುಂಬಾರಪೇಟೆ ಎಂದರೆ ಜಾತಿ, ಕಸಬು ಎರಡೂ ತಿಳಿಯುತ್ತಿದ್ದುವು. ‘ಮೂರನೆಯ ಬ್ಲಾಕು, ಹನ್ನೆರಡನೆಯ ಕ್ರಾಸು’ ಎಂದರೆ ಯಾವ ಜಾತಿಯೂ ತಿಳಿಯದು. ಕಾರ್ಖಾನೆಯ ಕೆಲಸಗಾರ, ಮೇಷ್ಟರು, ಬ್ಯಾಂಕಿನ ಗುಮಾಸ್ತೆ, ತುಮಕೂರಿನವರು, ಹಾಸನದವರು ಒಂದೇ ಗೋಡೆಯ ಈಚೆ ಆಚೆ ಮನೆ ಮಾಡಿದುದು ಈ ಅಂಕಿಗಳ ಆಶ್ರಯದಲ್ಲಿ. ಪಾಪವೂ ಒಂದಿದೆ: ಅಂಕಿಗೆ ನೆನಪಿಲ್ಲ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಕುರುಬರಹಳ್ಳಿ, ಮಾರೇನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ—ಬಡಾವಣೆಗಳಿಗಿಂತ ಮೊದಲೇ ಇದ್ದ ಈ ಊರುಗಳು ಚೌಕುಳಿಯ ನಡುವೆ ಸಿಕ್ಕಿಕೊಂಡು ಉಳಿದಿವೆ. ನೇರವಾದ ಕ್ರಾಸೊಂದು ಇದ್ದಕ್ಕಿದ್ದಂತೆ ಬಳುಕಿ ಕಿರಿದಾದರೆ, ಅಲ್ಲೊಂದು ಗುಡಿಯೋ ಅರಳಿಕಟ್ಟೆಯೋ ಕಂಡರೆ, ನೀವು ಹಳೆಯ ಬೀದಿಯೊಂದಕ್ಕೆ ಕಾಲಿಟ್ಟಿರೆಂದೇ ತಿಳಿಯಬೇಕು.

ತುಮಕೂರು ರಸ್ತೆಯನ್ನೂ ಮೈಸೂರು ರಸ್ತೆಯನ್ನೂ ಸೇರಿಸಲು ಹಾಕಿದ ರಸ್ತೆಗೆ ‘ಕಾರ್ಡ್ ರೋಡ್’ ಎಂದು ಹೆಸರಾಯಿತು. ಪರಿಧಿಯ ಎರಡು ಬಿಂದುಗಳನ್ನು ಕೂಡಿಸುವ ನೇರ ಗೆರೆಗೆ ರೇಖಾಗಣಿತದಲ್ಲಿ ಇರುವ ಹೆಸರು ಅದು. ಕನ್ನಡದ ಪಠ್ಯಪುಸ್ತಕದಲ್ಲಿ ‘ಜ್ಯಾ’. ಅದರ ಪಡುವಲಿಗೆ ಇರುವ ಬಡಾವಣೆ ‘ವೆಸ್ಟ್ ಆಫ್ ಕಾರ್ಡ್ ರೋಡ್’. ಎಂಜಿನಿಯರನ ನಕ್ಷೆಯ ಮಾತು ಹಾಗೆಯೇ ಸಾವಿರಾರು ಸಂಸಾರಗಳ ವಿಳಾಸವಾಗಿ ಕುಳಿತ ಸ್ವಾರಸ್ಯ ಇದು. ಆಮೇಲೆ ಕೆಲವು ರಸ್ತೆಗಳಿಗೆ ಹೆಸರುಗಳೂ ಬಂದುವು. ರಾಜಾಜಿನಗರದಲ್ಲಿ ಡಾ. ರಾಜ್‌ಕುಮಾರ್ ರಸ್ತೆಯಿದೆ. 2014ರಲ್ಲಿ ತೆರೆದ ಮೆಟ್ರೊ ಮಾರ್ಗದಲ್ಲಿ ‘ಮಹಾಕವಿ ಕುವೆಂಪು ರಸ್ತೆ’ ಎಂಬ ನಿಲ್ದಾಣವಿದೆ. ಒಂದು ಸಣ್ಣ ನಿಯಮವನ್ನು ನೀವೂ ಗಮನಿಸಿರಬಹುದು: ಹೆಸರನ್ನು ಪೂರ್ಣವಾಗಿ ಹೇಳಿದಾಗ ‘ರಸ್ತೆ’ ಬರುತ್ತದೆ, ಮೊಟಕು ಮಾಡಿದಾಗ ‘ರೋಡು’ ಅಂಟುತ್ತದೆ. ಮಹಾತ್ಮ ಗಾಂಧಿ ರಸ್ತೆ, ಎಂ.ಜಿ. ರೋಡ್, ಕೆಂಪೇಗೌಡ ರಸ್ತೆ, ಕೆ.ಜಿ. ರೋಡ್. ಗೌರವಕ್ಕೆ ಪಾರಸಿ, ಅವಸರಕ್ಕೆ ಇಂಗ್ಲಿಷು.

ಅವಸರದ ಮಾತು ಬಂದುದರಿಂದ ಇನ್ನೊಂದು ರಸ್ತೆಯನ್ನು ನೆನೆಯಬೇಕು. ರಾಜಾಜಿನಗರದ ತೆಂಕಣ ಅಂಚಿನಲ್ಲಿ ಹಾಯುವ ಮಾಗಡಿ ರಸ್ತೆಯನ್ನು ಹಿಡಿದು ಹೋದರೆ ಮಾಗಡಿ ತಾಲ್ಲೂಕು. ಅಲ್ಲಿ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿ. ಮಕ್ಕಳಿಲ್ಲದ ತಿಮ್ಮಕ್ಕನವರು ಗಂಡನೊಡನೆ ಆ ದಾರಿಯ ಬದಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. 385 ಮರಗಳೆಂದು ಲೆಕ್ಕ. ದಾರಿಬದಿಯಲ್ಲಿ ಆಲದ ಮರ ನೆಡಿಸಿದೆನೆಂದು ಅಶೋಕ ಚಕ್ರವರ್ತಿ ಕಲ್ಲಿನಲ್ಲಿ ಬರೆಸಿದ್ದಾನೆ. ಈ ತಾಯಿ ಓದುಬರಹ ಕಲಿತವರಲ್ಲ. ಜನರೇ ಅವರ ಹೆಸರಿಗೆ ‘ಸಾಲುಮರದ’ ಎಂಬ ಬಿರುದನ್ನು ಸೇರಿಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣಕ್ಕೆ ಆ ಮರಗಳು ಬಲಿಯಾಗುವ ಸೂಚನೆಯೂ ಬಂದಿತು! ಅವರು ಮುಖ್ಯಮಂತ್ರಿಯವರಲ್ಲಿಗೆ ಹೋಗಿ ಕೇಳಿಕೊಂಡರು. ಮರಗಳನ್ನು ಉಳಿಸುವ ಭರವಸೆ ದೊರೆಯಿತು. ತಿಮ್ಮಕ್ಕನವರಿಗೆ ಅದು ದಾರಿ: ಬಿಸಿಲಿನಲ್ಲಿ ನಡೆದು ಬರುವವನಿಗೆ ನೆರಳು ಬೇಕಾದ ಜಾಗ. ನಕ್ಷೆಗೆ ಅದು ರೋಡು: ಅಗಲ ಸಾಲದ ಜಾಗ. ಒಂದೇ ನೆಲ, ಎರಡು ಮಾತು. ಮರ ಉಳಿಯುವುದೂ ಉರುಳುವುದೂ ಯಾವ ಮಾತು ಗೆಲ್ಲುತ್ತದೆ ಎಂಬುದರ ಮೇಲೆ.

ಕೆಂಗೇರಿಯ ಕಡೆಗೆ ತಿರುಗಿದರೆ ಈ ಪದಚರಿತ್ರೆಯ ಹೊಸ ಅಧ್ಯಾಯ ಕಾಣುತ್ತದೆ. ಕೆಂಗೇರಿಯ ಆಚೆ ಮೈಸೂರಿನ ಕಡೆಗೆ ಹೊರಡುವ ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ನಡುವೆ ಆರು ಪಥ, ಎರಡು ಬದಿಗೆ ಎರಡೆರಡು ಸರ್ವೀಸ್ ರಸ್ತೆ, ಕೂಡಿದರೆ ಹತ್ತು. ಪತ್ರಿಕೆಗಳು ‘ದಶಪಥ’ ಎಂದು ಕರೆದುವು. ಮೂಲೆ ಸೇರಿದ್ದ ಸಂಸ್ಕೃತದ ‘ಪಥ’ ಹೀಗೆ ಮತ್ತೆ ಚಲಾವಣೆಗೆ ಬಂದಿತು. ಅಪಘಾತಗಳು ಹೆಚ್ಚಿದುದರಿಂದ 2023ರ ಆಗಸ್ಟ್ 1ರಿಂದ ನಡುವಣ ಆರು ಪಥಗಳಲ್ಲಿ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರು, ಎತ್ತಿನ ಬಂಡಿಗಳನ್ನು ನಿಷೇಧಿಸಿದರು. ವೇಗದ ಕಾರಿನ ಮುಂದೆ ನಿಧಾನದ ಬಂಡಿ ಬಂದರೆ ಜೀವಹಾನಿ. ಆದುದರಿಂದ ಕಾರಣವಿಲ್ಲವೆಂದು ನಾನು ಹೇಳಲಾರೆ. ಪ್ರಾಣಕ್ಕಿಂತ ಪದ ದೊಡ್ಡದಲ್ಲ. ಆದರೂ ಪದದ ಕಡೆಯಿಂದ ನೋಡಿದರೆ ವಿಚಿತ್ರ. ಹೆದ್ದಾರಿಯೆಂದರೆ ಹಿರಿದಾದ ದಾರಿ. ದಾರಿಯಿದ್ದಲ್ಲಿ ದಾರಿಹೋಕನಿರಬೇಕು. ಹೆದ್ದಾರಿ ಹಿರಿದಾದಷ್ಟೂ ಅದರಲ್ಲಿ ದಾರಿಹೋಕನ ಪಾಲು ಕಿರಿದಾಯಿತು. ಅವನಿಗೆ ಉಳಿದುದು ಬದಿಯ ಸರ್ವೀಸ್ ರಸ್ತೆ. ಆಚೆ ಕಡೆಯ ಹೊಲಕ್ಕೆ ಹೋಗಬೇಕಾದರೆ ಕೆಳಸೇತುವೆಯನ್ನು ಹುಡುಕಬೇಕು. ನಗರದ ಒಳಗಾದರೂ ಏನು? ಫುಟ್‌ಪಾತು ಅಂಗಡಿಯ ಸಾಮಾನಿಗೆ, ನಿಂತ ಸ್ಕೂಟರಿಗೆ. ನಡೆಯುವವರು ಕೆಳಗಿಳಿದು ಚಕ್ರಗಳ ನಡುವೆ ನಡೆಯಬೇಕು. ವೈಕಂನಲ್ಲಿ ಜಾತಿ ಕೇಳಿ ತಡೆದರು. ಇಲ್ಲಿ ಯಾರೂ ಜಾತಿ ಕೇಳುವುದಿಲ್ಲ. ಚಕ್ರ ಎಷ್ಟು, ವೇಗ ಎಷ್ಟು ಎಂದು ಕೇಳುತ್ತಾರೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ‘ಎಲ್ಲರದು’ ಎಂಬ ಅರ್ಥವೇ ಸರ್ಕಾರಿ ರೋಡಿನ ಹಿರಿಮೆಯಾಗಿತ್ತು. ಅದನ್ನು ಕೈಬಿಟ್ಟರೆ ಆ ಮಾತಿನಲ್ಲಿ ಉಳಿಯುವುದು ಡಾಂಬರು ಮಾತ್ರ ಎಂದಷ್ಟೇ ನನ್ನ ಅಳಲು.

ಆದುದರಿಂದ ರೋಡು ಎನ್ನಬೇಕೊ, ರಸ್ತೆ ಎನ್ನಬೇಕೊ ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಎಲ್ಲ ಪದಗಳೂ ಇರಲಿ. ಮೈಸೂರಿಗೆ ಹೋಗಲು ರೋಡು ಬೇಕು, ಮನೆಯ ಮುಂದೆ ಬೀದಿ ಬೇಕು, ಹೊಲಕ್ಕೆ ದಾರಿ ಬೇಕು. ಒಂದೇ ಪದ ಎಲ್ಲ ನೆಲವನ್ನೂ ನುಂಗಿದಾಗ ಉಳಿದ ಪದಗಳು ಸಾಯುವುದಷ್ಟೇ ಅಲ್ಲ. ಅವು ಕಾಪಾಡಿಕೊಂಡು ಬಂದಿದ್ದ ಕೆಲಸಗಳೂ ಸಾಯುತ್ತವೆ. ನಿಲ್ಲುವುದು, ಕೂರುವುದು, ಆಡುವುದು, ಮಾತಾಡುವುದು—ಇವು ಬೀದಿಯ ಕ್ರಿಯಾಪದಗಳು. ರೋಡಿಗೆ ಗೊತ್ತಿರುವುದು ಹೋಗುವುದೊಂದೇ.

ನಾಲ್ಕು ದಿನವಿದ್ದು ಚಿಕ್ಕಪ್ಪನವರು ಊರಿಗೆ ಹೊರಟರು. ಕೆಂಗೇರಿಯವರೆಗೆ ಮೆಟ್ರೊ ಬಂದು ಕೆಲವು ವರ್ಷಗಳಾದುವು, ಅಲ್ಲಿಂದ ಬಸ್ಸು. ಅವರನ್ನು ಕಳುಹಿಸಲು ನಾನೂ ಜೊತೆಗೆ ಹೊರಟೆ. ಮೂಲೆಯ ಅಂಗಡಿಯ ಹುಡುಗ ಗುರುತಿಸಿ, “ಹೊರಟ್ರಾ ತಾತ?” ಎಂದ. ಚಿಕ್ಕಪ್ಪ ನಿಂತರು.

“ಅಲ್ಲಪ್ಪಾ, ಈ ನಿನ್ನ ಕ್ರಾಸಿನಲ್ಲಿ ಮಕ್ಕಳು ಆಡುತ್ತವೇನು?”

“ಭಾನುವಾರ ಬೆಳಗ್ಗೆ ಆಡ್ತಾರೆ ತಾತ. ಕಾರುಗಳ ಕಾಟ ಅವತ್ತು ಕಡಿಮೆ. ಕ್ರಿಕೆಟ್ಟು. ನಾವೂ ಸೇರಿಕೊಳ್ತೀವಿ.”

“ಹೆಂಗಸರು ಬಾಗಿಲಲ್ಲಿ ನಿಂತು ಮಾತಾಡುತ್ತಾರೇನು?”

“ಅದಕ್ಕೇನು ತಾತ, ದಿನವೂ ಇದ್ದೇ ಇದೆ!”

ಚಿಕ್ಕಪ್ಪನವರ ಮುಖ ಅರಳಿತು. ಕೋಲಿನಿಂದ ನೆಲವನ್ನು ಒಮ್ಮೆ ತಟ್ಟಿ, “ಹಾಗಾದರೆ ಇದು ಬೀದಿಯೇ ಕಣಪ್ಪ. ಬೋರ್ಡು ಬರೆದವನಿಗೆ ಗೊತ್ತಿಲ್ಲ ಅಷ್ಟೆ” ಎಂದು ಮುಂದೆ ನಡೆದರು.